ಎಲೆಯಿಂದ ಪ್ಲೇಟಿಗೆ: ಮಲೆನಾಡಿನಲ್ಲಿ ಮಕ್ಕಳ ಹುಟ್ಟುಹಬ್ಬದ ಊಟ ಬದಲಾದ ಬಗೆ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಕಡೆ ಮನೆಯಲ್ಲೊಂದು ಕಾರ್ಯ ಅಂದರೆ ಅಡುಗೆಯವರು ಮೊದಲು ಕೇಳುತ್ತಿದ್ದುದು ಒಂದೇ ಪ್ರಶ್ನೆ: "ಎಷ್ಟು ಎಲೆ ಆಗಬಹುದು?" ಇನ್ನೂರು ಎಲೆ ಅಂದರೆ ಇನ್ನೂರು ಜನ. ಈಗ ಅದೇ ಪ್ರಶ್ನೆಯನ್ನು ಕ್ಯಾಟರಿಂಗ್‌ನವರು ಬೇರೆ ಮಾತಿನಲ್ಲಿ ಕೇಳುತ್ತಾರೆ: "ಎಷ್ಟು ಪ್ಲೇಟ್ ಸಾರ್? ಐಟಂ ಎಷ್ಟು?" ಒಂದು ವರ್ಷದ ಮಗುವಿನ ಹುಟ್ಟುಹಬ್ಬಕ್ಕೂ ಇದೇ ಮಾತು. ಗೋಬಿ ಮಂಚೂರಿ, ಫ್ರೈಡ್ ರೈಸ್, ಜಾಮೂನು, ಐಸ್‌ಕ್ರೀಮು ಎಂದು ಪಟ್ಟಿ ಕೈಗೆ ಬರುತ್ತದೆ. ಮನೆಯವರು ಬೆರಳಿಟ್ಟು ಟಿಕ್ ಹಾಕುತ್ತಾರೆ. ಆ ಪಟ್ಟಿಯಲ್ಲಿ ಹುಟ್ಟುಹಬ್ಬದ ಮಗು ತಿನ್ನಬಹುದಾದದ್ದು ಎಷ್ಟಿದೆ ಎಂದು ಎಣಿಸಿದರೆ ಒಂದು ಕೈಯ ಬೆರಳೂ ಬೇಕಾಗುವುದಿಲ್ಲ.

ಎಲೆಯಿಂದ ಪ್ಲೇಟಿಗೆ ಬಂದ ಈ ದಾರಿ ಬರೀ ಅಡುಗೆಯ ವಿಷಯವಲ್ಲ. ಯಾರು ಕೂರಬಹುದಿತ್ತು, ಯಾರು ಕಾಯಬೇಕಿತ್ತು, ಯಾರು ಬಗ್ಗಿ ಬಡಿಸುತ್ತಿದ್ದರು, ಎಂಜಲೆಲೆ ಯಾರು ತೆಗೆಯುತ್ತಿದ್ದರು ಎಂಬ ಪ್ರಶ್ನೆಗಳೆಲ್ಲ ಇದರಲ್ಲಿ ಸೇರಿಕೊಂಡಿವೆ. ಈ ಬದಲಾವಣೆಯಲ್ಲಿ ನಾವು ಗಳಿಸಿದ್ದು ದೊಡ್ಡದು. ಕಳೆದುಕೊಂಡದ್ದೂ ಒಂದಿದೆ, ಮತ್ತು ಅದನ್ನು ಕಳೆದುಕೊಂಡವರು ಮುಖ್ಯವಾಗಿ ಮಕ್ಕಳು.

ಎಲೆ ಲೆಕ್ಕದ ಕಾಲ

ಕನ್ನಡದಲ್ಲಿ ಊಟದ ಬಗ್ಗೆ ಬರೆಯುವುದು ಹೊಸತಲ್ಲ. ಹನ್ನೊಂದನೇ ಶತಮಾನದ ಚಾವುಂಡರಾಯನ 'ಲೋಕೋಪಕಾರ'ದಲ್ಲಿ ಬೇಸಾಯ, ಜ್ಯೋತಿಷ, ವೈದ್ಯದ ಜೊತೆಗೆ ಅಡುಗೆಗೂ ಜಾಗವಿದೆ. ಹದಿನಾರನೇ ಶತಮಾನದ ಮಂಗರಸ ಅಡುಗೆಗೆಂದೇ 'ಸೂಪಶಾಸ್ತ್ರ' ಬರೆದ. ನಮ್ಮ ಸೀಮೆಗೆ ಇನ್ನೂ ಹತ್ತಿರದ್ದು ಕೆಳದಿ ಅರಸರ ಪುಸ್ತಕ. 1697ರಿಂದ 1714ರವರೆಗೆ ಆಳಿದ ಬಸಪ್ಪ ನಾಯಕ ಸಂಸ್ಕೃತದಲ್ಲಿ ರಚಿಸಿದ 'ಶಿವತತ್ತ್ವರತ್ನಾಕರ' ಒಂದು ವಿಶ್ವಕೋಶ. ರಾಜನೀತಿ, ಶಿಲ್ಪ, ಸಂಗೀತದ ಜೊತೆ ಅಡುಗೆಯ ವಿಷಯವೂ ಅದರಲ್ಲಿ ಬರುತ್ತದೆ. ಶೃಂಗೇರಿ ಮಠಕ್ಕೆ ದತ್ತಿ ಬಿಟ್ಟ ಅರಸು ಮನೆತನವದು. ಊಟವೆಂಬುದು ಕ್ರಮವಾಗಿ ನಡೆಯಬೇಕಾದ ಕೆಲಸ ಎಂಬ ತಿಳಿವಳಿಕೆ ಈ ನೆಲದಲ್ಲಿ ಹಳೆಯದು.

ಆ ಕ್ರಮವನ್ನು ಎಲೆ ಊಟದಲ್ಲಿ ಇವತ್ತಿಗೂ ನೋಡಬಹುದು. ಎಲೆಯ ಕುಡಿ ಉಣ್ಣುವವರ ಎಡಕ್ಕೆ. ತುದಿಯಲ್ಲಿ ಉಪ್ಪು, ಉಪ್ಪಿನಕಾಯಿ. ಆಮೇಲೆ ಕೋಸಂಬರಿ, ಪಲ್ಯ, ಚಿತ್ರಾನ್ನ. ಅನ್ನದ ಮೇಲೆ ತುಪ್ಪ, ತೊವ್ವೆ, ಸಾರು, ಹುಳಿ. ಸಿಹಿ, ಕೊನೆಗೆ ಮಜ್ಜಿಗೆ. ಮಲೆನಾಡಾದರೆ ನಡುವೆ ತಂಬುಳಿ, ಅಪ್ಪೆಹುಳಿ. ಉಣ್ಣುವವರು ಕೂತಲ್ಲೇ ಕೂತಿರುತ್ತಾರೆ, ಊಟವೇ ಅವರ ಹತ್ತಿರ ನಡೆದು ಬರುತ್ತದೆ.

ಮಗುವಿನ ಮಟ್ಟಿಗೆ ಇದರ ಅರ್ಥ ಏನು ಎಂದು ನೋಡಬೇಕು. ನೆಲದ ಮೇಲೆ ಕೂತಾಗ ದೊಡ್ಡವರೂ ಚಿಕ್ಕವರೂ ಹೆಚ್ಚುಕಡಿಮೆ ಒಂದೇ ಎತ್ತರ. ಮಗುವಿಗೆ ಅಮ್ಮನ ಪಕ್ಕದಲ್ಲಿ ಬಾಳೆಕುಡಿಯ ಸಣ್ಣ ತುಂಡು. ಬಡಿಸುವವರು ಬಗ್ಗಿ, ಮುಖ ನೋಡಿ, "ಪುಟ್ಟಾ, ಸಾರು ಖಾರ ಇದೆ, ತುಪ್ಪ ಅನ್ನ ಹಾಕ್ಲಾ?" ಎಂದು ಕೇಳುತ್ತಾರೆ. ಅಜ್ಜಿ ತನ್ನ ಎಲೆಯಿಂದಲೇ ಅನ್ನ ಕಲಸಿ ತುತ್ತು ಮಾಡಿ ಇಡುತ್ತಾಳೆ. ಮಕ್ಕಳಿಗೆಂದು ಬೇರೆ ಮೆನು ಬೇಕಿರಲಿಲ್ಲ. ತುಪ್ಪ ಅನ್ನ, ತೊವ್ವೆ, ಬಾಳೆಹಣ್ಣಿನ ರಸಾಯನ, ಮೊಸರನ್ನ ಎಲ್ಲವೂ ಆ ಸಾಲಿನಲ್ಲಿಯೇ ಇದ್ದವು. ಖಾರ, ಸಪ್ಪೆ ನೋಡಿ ಹಾಕುವ ಕೆಲಸವನ್ನು ಬಡಿಸುವ ಕೈ ಮಾಡುತ್ತಿತ್ತು.

ಸಾಲಿನಲ್ಲಿ ಯಾರು ಇರಲಿಲ್ಲ

ಇಷ್ಟು ಹೇಳಿ ನಿಲ್ಲಿಸಿದರೆ ಅದು ಅರ್ಧ ಸತ್ಯ. ಆ ಸಾಲಿಗೊಂದು ಬಾಗಿಲಿತ್ತು, ಬಾಗಿಲಿಗೊಂದು ಜಾತಿಯಿತ್ತು. ಒಳಗಿನ ಸಾಲು, ಜಗಲಿಯ ಸಾಲು, ಅಂಗಳದ ಸಾಲು ಎಂದು ಬೇರೆ ಬೇರೆ. ತೋಟ, ಗದ್ದೆಗಳಲ್ಲಿ ದುಡಿದವರಿಗೆ ಎಲ್ಲರದೂ ಮುಗಿದ ಮೇಲೆ ಊಟ. ಎಷ್ಟೋ ಮನೆಗಳಲ್ಲಿ ಅವರಿಗೆ ಎಲೆ ಹಾಕುತ್ತಿರಲಿಲ್ಲ, ಪಾತ್ರೆಗೆ ಹಾಕಿ ಕಳಿಸುತ್ತಿದ್ದರು. ಮನೆಯ ಹೆಂಗಸರೂ ಕೊನೆಯ ಪಂಕ್ತಿಯವರೇ. ಎಂಜಲೆಲೆ ಬಳಿಯುವುದು ಯಾರ ಕೆಲಸ ಎಂಬುದೂ ಮೊದಲೇ ತೀರ್ಮಾನವಾಗಿರುತ್ತಿತ್ತು. ಮಕ್ಕಳ ನಡುವೆಯೂ ಇದೇ ಗೆರೆ. ಒಂದೇ ಗದ್ದೆಯ ಬದುವಿನಲ್ಲಿ ಆಡಿದ ಇಬ್ಬರು ಮಕ್ಕಳಲ್ಲಿ ಒಬ್ಬ ಒಳಗೆ ಎಲೆಯ ಮುಂದೆ, ಇನ್ನೊಬ್ಬ ಅಂಗಳದಲ್ಲಿ ಅಪ್ಪನ ಪಕ್ಕ ಕಾಯುತ್ತ.

ಇದನ್ನು ಪ್ರಶ್ನಿಸಿದವರು ಇಲ್ಲಿಯವರೇ. ಕುವೆಂಪು 1904ರ ಡಿಸೆಂಬರ್ 29ರಂದು ಹುಟ್ಟಿದ್ದು ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ತಾಯಿಯ ತವರಿನಲ್ಲಿ. ಬೆಳೆದದ್ದು ತೀರ್ಥಹಳ್ಳಿ ಕಡೆಯ ಕುಪ್ಪಳಿಯಲ್ಲಿ. ಅವರ ಕಾದಂಬರಿಗಳ ತುಂಬ ಇರುವುದು ಇದೇ ಮಲೆನಾಡಿನ ಜಾತಿ, ಆಳುತನದ ಬದುಕು. ಅವರು ರೂಪಿಸಿದ ಮಂತ್ರಮಾಂಗಲ್ಯ ಪದ್ಧತಿ ಮದುವೆಯ ಆಡಂಬರವನ್ನೂ ಪುರೋಹಿತರನ್ನೂ ಬಿಟ್ಟುಕೊಟ್ಟಿತು. 1966ರಲ್ಲಿ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆ ಆ ರೀತಿಯಲ್ಲಿಯೇ ನಡೆಯಿತು.

ಅದು ದೇಶದಲ್ಲಿಯೇ ಅನ್ನಕ್ಕೆ ತತ್ವಾರದ ಕಾಲ. 1965ರಲ್ಲಿ ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ವಾರಕ್ಕೊಂದು ಹೊತ್ತು, ಸೋಮವಾರ ರಾತ್ರಿಯ ಊಟ ಬಿಡಿ ಎಂದು ಜನರಲ್ಲಿ ಕೇಳಿಕೊಂಡಿದ್ದರು. ಸಮಾರಂಭಗಳಲ್ಲಿ ಇಷ್ಟೇ ಜನಕ್ಕೆ ಊಟ ಹಾಕಬೇಕೆಂಬ ಅತಿಥಿ ನಿಯಂತ್ರಣ ಆದೇಶಗಳು ಹಲವು ರಾಜ್ಯಗಳಲ್ಲಿ ಬಂದವು. ದೊಡ್ಡ ಊಟವೇ ದೊಡ್ಡಸ್ತಿಕೆ ಎಂಬ ನಂಬಿಕೆಗೆ ಆಗ ಸ್ವಲ್ಪ ಪೆಟ್ಟು ಬಿತ್ತು.

ಇನ್ನೂ ಆಳದ ಪೆಟ್ಟು ಕೊಟ್ಟದ್ದು ಭೂಸುಧಾರಣೆ. ದೇವರಾಜ ಅರಸರ ಸರ್ಕಾರದ ತಿದ್ದುಪಡಿ ಕಾಯ್ದೆ 1974ರ ಮಾರ್ಚ್ 1ರಿಂದ ಜಾರಿಗೆ ಬಂದು ಗೇಣಿ ಪದ್ಧತಿಯನ್ನು ತೆಗೆದುಹಾಕಿತು. ಒಡೆಯರ ಮನೆಯ ಕಾರ್ಯ ಎಂದಾಕ್ಷಣ ಚಪ್ಪರ ಹಾಕಲು, ಸೌದೆ ಒಡೆಯಲು, ಎಲೆ ಬಳಿಯಲು ಕರೆಯದೆ ಬರಬೇಕಾಗಿದ್ದ ಗೇಣಿದಾರ ಈಗ ತನ್ನ ಹೊಲದ ಮಾಲೀಕ. ಬಿಟ್ಟಿ ಕೈಗಳ ಮೇಲೆ ನಿಂತಿದ್ದ ದೊಡ್ಡ ಪಂಕ್ತಿಗೆ ಇನ್ನು ಕೂಲಿ ಕೊಟ್ಟು ಕೈ ತರಬೇಕು. ನೆರೆಯವರು ಹಿಂದಿನ ರಾತ್ರಿ ಬಂದು ತರಕಾರಿ ಹೆಚ್ಚಿಕೊಡುವ ಮುಯ್ಯಿ ಉಳಿಯಿತು, ಆದರೆ ಮಕ್ಕಳು ಓದಿ ಬೆಂಗಳೂರು ಸೇರಿದಂತೆಲ್ಲ ಅದೂ ಸೊರಗಿತು. ಬಡಿಸುವವರು ಕಡಿಮೆಯಾದ ಜಾಗಕ್ಕೇ ಬಫೆ ಬಂದು ಕೂತದ್ದು.

ಹುಟ್ಟಿದ ದಿನಕ್ಕೆ ತಾರೀಕು ಬಂತು

ಊಟದ ರೀತಿ ಬದಲಾಗುವ ಮೊದಲೇ ಹುಟ್ಟುಹಬ್ಬವೂ ಬದಲಾಗಿತ್ತು. ಹಿಂದೆ ಮಗುವಿನ ಕಾರ್ಯಗಳೆಂದರೆ ನಾಮಕರಣ, ಆರು ತಿಂಗಳ ಸುಮಾರಿಗೆ ಅನ್ನಪ್ರಾಶನ, ಆಮೇಲೆ ಚೌಲ. ಹುಟ್ಟಿದ ದಿನವನ್ನು ಆಚರಿಸುವ ಮನೆಗಳಲ್ಲೂ ಅದು ತಿಥಿ ಅಥವಾ ನಕ್ಷತ್ರದ ಲೆಕ್ಕ. ಎಣ್ಣೆಸ್ನಾನ, ದೇವರಿಗೊಂದು ಪೂಜೆ, ಪಾಯಸ, ಅಲ್ಲಿಗೆ ಮುಗಿಯಿತು. ಶೃಂಗೇರಿಯಲ್ಲಿ ಈ ಹಳೆ ಲೆಕ್ಕ ಇನ್ನೂ ಜೀವಂತ. ಜಗದ್ಗುರು ಭಾರತೀತೀರ್ಥ ಸ್ವಾಮಿಗಳ ವರ್ಧಂತಿ ನಡೆಯುವುದು ಚೈತ್ರ ಶುಕ್ಲ ಷಷ್ಠಿಯಂದು, ಕ್ಯಾಲೆಂಡರಿನಲ್ಲಿ ಅದು ಯಾವ ತಾರೀಕಿಗೆ ಬಿದ್ದರೂ ಸರಿ.

ತಾರೀಕಿನ ಹುಟ್ಟುಹಬ್ಬವನ್ನು ಹಳ್ಳಿಗೆ ತಂದದ್ದು ಶಾಲೆ. ಮಗುವನ್ನು ಸೇರಿಸುವಾಗ ಹುಟ್ಟಿದ ದಿನಾಂಕ ಬೇಕು. ಅಪ್ಪ ಅಮ್ಮನಿಗೆ ನೆನಪಿರುವುದು "ನೆಟ್ಟಿ ಹೊತ್ತಲ್ಲಿ" ಅಥವಾ "ದೊಡ್ಡ ಮಳೆ ಬಂದ ವರ್ಷ". ಮೇಷ್ಟ್ರು ಶಾಲೆ ಶುರುವಾಗುವ ಜೂನ್ 1ನ್ನೇ ಬರೆದುಬಿಡುತ್ತಿದ್ದರು. ನಮ್ಮ ಹಿರಿಯರಲ್ಲಿ ಜೂನ್ 1ರಂದು ಹುಟ್ಟಿದವರು ಅಷ್ಟೊಂದು ಇರುವುದು ಅದರಿಂದ. ಜನನ ಮತ್ತು ಮರಣ ನೋಂದಣಿ ಕಾಯ್ದೆ ಬಂದದ್ದು 1969ರಲ್ಲಿ. ಹೆರಿಗೆ ಆಸ್ಪತ್ರೆಗೆ ಹೋದ ಮೇಲೆ ತಾರೀಕಷ್ಟೇ ಅಲ್ಲ, ಗಂಟೆ ನಿಮಿಷವೂ ಕಾಗದಕ್ಕೆ ಬಂತು. ತಾರೀಕು ಖಾತ್ರಿಯಾದ ಮೇಲೆ ಪ್ರತಿ ವರ್ಷ ಅದೇ ದಿನ ಹಬ್ಬ ಮಾಡುವುದು ಸುಲಭವಾಯಿತು. ತರಗತಿಯಲ್ಲಿ ಚಾಕೊಲೇಟ್ ಹಂಚುವುದು ಮೊದಲು, ಮನೆಗೆ ಗೆಳೆಯರನ್ನು ಕರೆಯುವುದು ಆಮೇಲೆ.

ಕೇಕ್ ಬಂದ ದಾರಿಗಳು

ಮಗುವಿನ ಹುಟ್ಟುಹಬ್ಬಕ್ಕೆ ಕೇಕಿನ ಮೇಲೆ ಮೇಣದಬತ್ತಿ ಹಚ್ಚುವ ರೂಢಿ ಹದಿನೆಂಟನೇ ಶತಮಾನದ ಜರ್ಮನಿಯದು. ಈಗ ಎಲ್ಲ ಊರಲ್ಲಿಯೂ ಕೇಳುವ ಆ ಹಾಡಿನ ರಾಗ 1893ರಲ್ಲಿ ಅಮೆರಿಕದಲ್ಲಿ ಅಚ್ಚಾದದ್ದು. ಶಿಶುವಿಹಾರದ ಶಿಕ್ಷಕಿ ಪ್ಯಾಟಿ ಹಿಲ್ ಮತ್ತು ಅವಳ ಅಕ್ಕ ಮಿಲ್ಡ್ರೆಡ್ ಅದನ್ನು ಮಾಡಿದ್ದು ಮಕ್ಕಳು ಬೆಳಿಗ್ಗೆ ತರಗತಿಯಲ್ಲಿ ಹಾಡಲಿ ಎಂದು. ಹುಟ್ಟುಹಬ್ಬದ ಮಾತು ಅದಕ್ಕೆ ಆಮೇಲೆ ಸೇರಿತು.

ದಕ್ಷಿಣದಲ್ಲಿ ಕೇಕಿಗೆ ಎರಡು ದೊಡ್ಡ ದಾರಿಗಳಿವೆ. ಒಂದು ಕೇರಳದ ತಲಶ್ಶೇರಿಯದು. ಅಲ್ಲಿ ಮಾಂಬಳ್ಳಿ ಬಾಪು 1880ರಲ್ಲಿ ಬಿಸ್ಕತ್ತು ಕಾರ್ಖಾನೆ ಶುರುಮಾಡಿದ. 1883ರಲ್ಲಿ ಒಬ್ಬ ಇಂಗ್ಲಿಷ್ ತೋಟದ ಮಾಲೀಕ ಕೇಳಿದನೆಂದು ಕ್ರಿಸ್‌ಮಸ್ ಕೇಕ್ ಮಾಡಿಕೊಟ್ಟ. ಭಾರತೀಯನೊಬ್ಬ ಮಾಡಿದ ಮೊದಲ ಕ್ರಿಸ್‌ಮಸ್ ಕೇಕ್ ಎಂದು ಅದನ್ನು ಹೇಳುತ್ತಾರೆ. ಇನ್ನೊಂದು ನಮ್ಮದೇ ಪಕ್ಕದ ಹಾಸನದ್ದು. ಅಲ್ಲಿನ ಹಳ್ಳಿಗಳ ಅಯ್ಯಂಗಾರರು ಬೆಂಗಳೂರಿಗೆ ಹೋಗಿ ಬೇಕರಿ ಹಾಕಿದರು. "ಅಯ್ಯಂಗಾರ್ ಬೇಕರಿ" ಎಂಬ ಬೋರ್ಡು ಮುಂದೆ ರಾಜ್ಯದ ತುಂಬ ಹರಡಿತು. ಮೊಟ್ಟೆ ಹಾಕದ ಕೇಕು ಸಿಕ್ಕಿದ್ದರಿಂದ ಮಡಿ ಮನೆಗಳಿಗೂ ಕೇಕ್ ಒಳಗೆ ಬರಲು ದಾರಿಯಾಯಿತು.

ನರಸಿಂಹರಾಜಪುರದಲ್ಲಿ ಈ ಎರಡೂ ದಾರಿ ಕೂಡುತ್ತವೆ. ಎಡೇಹಳ್ಳಿ ಎಂದಿದ್ದ ಊರಿಗೆ 1915ರಲ್ಲಿ ಮೈಸೂರಿನ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ್ ಬಂದ ನೆನಪಿಗೆ ಇಂದಿನ ಹೆಸರಾಯಿತು. ಸಿಂಹನಗದ್ದೆಯ ಜ್ವಾಲಾಮಾಲಿನಿ ಬಸದಿಯ ಜೈನರು, ಕೇರಳದಿಂದ ಬಂದು ನೆಲೆಸಿದ ಸಿರಿಯನ್ ಕ್ರೈಸ್ತರು, ಮುಸ್ಲಿಮರು, ಒಕ್ಕಲಿಗರು, ಲಿಂಗಾಯತರು, ಬ್ರಾಹ್ಮಣರು, ದಲಿತರು ಎಲ್ಲರೂ ಇರುವ ತಾಲ್ಲೂಕಿದು. ಇಲ್ಲಿನ ಒಂದು ತರಗತಿಯ ಮಕ್ಕಳನ್ನು ಹುಟ್ಟುಹಬ್ಬಕ್ಕೆ ಕರೆದರೆ ಒಂದೇ ಕೋಣೆಯಲ್ಲಿ ನಾಲ್ಕೈದು ಅಡುಗೆಮನೆಗಳ ಮಕ್ಕಳು ಸೇರುತ್ತಾರೆ. ಹಳೆ ಪಂಕ್ತಿಯ ನಿಯಮದಲ್ಲಿ ಇವರೆಲ್ಲ ಜೊತೆಗೆ ಉಣ್ಣಲು ಸಾಧ್ಯವೇ ಇರಲಿಲ್ಲ.

ನಿಂತು ಉಣ್ಣುವುದು

ಬಫೆ ಎಂಬುದು ಫ್ರೆಂಚ್ ಮಾತು. ಗೋಡೆಯ ಪಕ್ಕ ಇಟ್ಟ, ಪಾತ್ರೆ ಜೋಡಿಸುವ ಮೇಜಿನ ಹೆಸರು ಅದು. ಬೇಕಾದ್ದನ್ನು ತಾವೇ ಹಾಕಿಕೊಳ್ಳುವ ಊಟ ಜಗತ್ತಿಗೆ ಪರಿಚಯವಾದದ್ದರಲ್ಲಿ ಸ್ವೀಡನ್ನಿನವರ ಪಾಲು ದೊಡ್ಡದು. 1939ರ ನ್ಯೂಯಾರ್ಕ್ ವಿಶ್ವಮೇಳದಲ್ಲಿ ಅವರ ಮೇಜು ತುಂಬಿದ ತಿನಿಸುಗಳು ಅಮೆರಿಕನ್ನರ ಮನಸ್ಸು ಗೆದ್ದವು. ನಮ್ಮಲ್ಲಿ ಬಫೆ ಮೊದಲು ದೊಡ್ಡ ಹೋಟೆಲುಗಳಲ್ಲಿ, ಆಮೇಲೆ ಪೇಟೆಯ ಆರತಕ್ಷತೆಗಳಲ್ಲಿ ಕಾಣಿಸಿತು.

ಆದರೆ ಕನ್ನಡಿಗರಿಗೆ ನಿಂತು ತಿನ್ನುವುದು ಅವಮಾನವಲ್ಲ ಎಂದು ಕಲಿಸಿದ್ದು ವಿದೇಶದ ಮೇಜಲ್ಲ, ದರ್ಶಿನಿ. 1983ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಶುರುವಾದ ಕೆಫೆ ದರ್ಶಿನಿಯಲ್ಲಿ ಕುರ್ಚಿ ಇರಲಿಲ್ಲ, ಬಡಿಸುವ ಮಾಣಿಯೂ ಇರಲಿಲ್ಲ. ಟೋಕನ್ ತಗೊಳ್ಳಿ, ನೀವೇ ತಟ್ಟೆ ತಗೊಳ್ಳಿ, ನಿಂತು ತಿನ್ನಿ, ನಡೆಯಿರಿ. ಪಕ್ಕದಲ್ಲಿ ನಿಂತವರ ಜಾತಿ ಕೇಳಲು ಪುರುಸೊತ್ತೇ ಇಲ್ಲ. ಆ ರೂಢಿ ಸಣ್ಣ ಪೇಟೆಗಳಿಗೂ ಬಂದ ಮೇಲೆ ಮದುವೆಮನೆಯಲ್ಲಿ ಪ್ಲೇಟ್ ಹಿಡಿದು ನಿಲ್ಲುವುದು ಕಷ್ಟವೆನಿಸಲಿಲ್ಲ. "ಭಿಕ್ಷೆ ಊಟ" ಎಂದು ಗೊಣಗಿದ ಹಿರಿಯರೂ ಕೊನೆಗೆ ಸಾಲಿಗೆ ಬಂದರು.

ತಟ್ಟೆಯೂ ಇದಕ್ಕೆ ಹೊಂದಿಕೊಂಡಿತು. ಬಾಳೆ ಎಲೆಯನ್ನು ಕೈಯಲ್ಲಿ ಹಿಡಿದು ನಿಲ್ಲಲಾಗದು. ಅಡಿಕೆ ಹಾಳೆಯ ತಟ್ಟೆ ಹಿಡಿಯಬಹುದು. 2016ರಲ್ಲಿ ಕರ್ನಾಟಕ ಪ್ಲಾಸ್ಟಿಕ್ ತಟ್ಟೆ ಲೋಟಗಳನ್ನು ನಿಷೇಧಿಸಿದ ಮೇಲೆ, ತೋಟದಲ್ಲಿ ಉದುರಿ ಬೀಳುತ್ತಿದ್ದ ಹಾಳೆಗೆ ಇನ್ನಷ್ಟು ಬೆಲೆ ಬಂತು.

ಬಫೆಯಿಂದ ಆದ ಒಳ್ಳೆಯದನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಮೇಜು ಒಂದೇ, ಸೌಟು ಒಂದೇ. ಮುಂದೆ ನಿಂತವರು ತೋಟದ ಯಜಮಾನರೋ ತೋಟಕ್ಕೆ ಔಷಧಿ ಹೊಡೆಯುವವರೋ ಮೇಜಿಗೆ ಗೊತ್ತಿಲ್ಲ. ಎಂಜಲು ತಟ್ಟೆಯನ್ನು ಎಲ್ಲರೂ ತಾವೇ ಡಬ್ಬಕ್ಕೆ ಹಾಕುತ್ತಾರೆ. ಅಂಗಳದಲ್ಲಿ ಕಾಯುತ್ತಿದ್ದ ಮಗುವಿನ ಮೊಮ್ಮಗ ಈಗ ಹಾಲ್‌ನೊಳಗೆ ಟೋಪಿ ಹಾಕಿಕೊಂಡು ಬಲೂನ್ ಒಡೆಯುತ್ತಾನೆ. ನೂರು ಭಾಷಣ ಮಾಡದ ಕೆಲಸವನ್ನು ಒಂದು ಮೇಜು ಮಾಡಿದೆ. ಎಲ್ಲ ಮನೆಯಲ್ಲೂ ಮಾಡಿಲ್ಲ, ಈಗಲೂ ಕೆಲವರಿಗೆ ಕರೆಯೇ ಹೋಗುವುದಿಲ್ಲ. ಆದರೆ ಒಳಗೆ ಬಂದ ಮೇಲೆ ಬೇರೆ ಸಾಲು ಮಾಡುವುದು ಮೊದಲಿನಷ್ಟು ಸುಲಭವಲ್ಲ.

ಮೇಜಿನ ಎತ್ತರ

ಕಳೆದುಕೊಂಡದ್ದು ಯಾವುದು ಎಂದರೆ, ಮೇಜಿನ ಎತ್ತರ ನೋಡಿ. ಅದು ದೊಡ್ಡವರ ಸೊಂಟಕ್ಕೆ ಬರುತ್ತದೆ, ಅಂದರೆ ಮೂರು ವರ್ಷದ ಮಗುವಿನ ಕಣ್ಣಿನ ಮಟ್ಟಕ್ಕೆ. ಮಗುವಿಗೆ ಕಾಣುವುದು ಬಿಸಿನೀರಿನ ಮೇಲೆ ಕೂರಿಸಿದ ಸ್ಟೀಲ್ ಪಾತ್ರೆಯ ಹೊರಮೈ ಮತ್ತು ಅದರ ಕೆಳಗಿನ ಬೆಂಕಿ. ಒಳಗೇನಿದೆ ಎಂದು ಕಾಣದು. ಕೈ ಚಾಚಿದರೆ ಸುಡುತ್ತದೆ. ಅಪ್ಪನ ಒಂದು ಕೈಯಲ್ಲಿ ಪ್ಲೇಟು, ಇನ್ನೊಂದರಲ್ಲಿ ಮೊಬೈಲು. ಅಮ್ಮ ಬಂದವರನ್ನು ಮಾತಾಡಿಸಬೇಕು. ಕೊನೆಗೆ ಮಗುವಿಗೆ ಸಿಗುವುದು ಒಂದು ತುಂಡು ಕೇಕು, ಒಂದು ಹಿಡಿ ಚಿಪ್ಸು, ಮನೆಗೆ ಹೋಗುವಾಗ ಹಸಿವು.

ಪಂಕ್ತಿ ಒಡೆದದ್ದು ಒಳ್ಳೆಯದೇ ಆಯಿತು. ಆದರೆ ಅದರ ಜೊತೆ ಬಡಿಸುವ ಕೈಯೂ ಹೋಯಿತು. ದೊಡ್ಡವರಿಗೆ ಅದು ಬೇಕಾಗಿಲ್ಲ. ಮಗುವಿಗೆ ಬೇಕು. ಖಾರ, ಬಿಸಿ, ಮೂಳೆ, ಬೀಜ ಇವನ್ನೆಲ್ಲ ನೋಡಿ ಹಾಕುತ್ತಿದ್ದ ಆ ಕೈ ಹೋದ ಮೇಲೆ ಆ ಕೆಲಸವನ್ನು ಯಾರಾದರೂ ಮೊದಲೇ, ಐಟಂ ಆರಿಸುವಾಗಲೇ ಮಾಡಬೇಕು. ಈಗ ಅದನ್ನು ಯಾರೂ ಮಾಡುತ್ತಿಲ್ಲ.

2024ರ ಪಾಠ

ಆರಿಸದೆ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ 2024ನೇ ವರ್ಷವೇ ಸಾಕ್ಷಿ. ಹುಟ್ಟುಹಬ್ಬದ ಮೇಜಿನ ನಾಲ್ಕು ಮುಖ್ಯ ಐಟಂಗಳು ಒಂದೇ ವರ್ಷದಲ್ಲಿ ಸರ್ಕಾರದ ಪರೀಕ್ಷೆಗೆ ಸಿಕ್ಕಿದವು.

ಮೊದಲು ಗೋಬಿ ಮಂಚೂರಿ ಮತ್ತು ಬೊಂಬಾಯಿ ಮಿಠಾಯಿ. ಮಂಚೂರಿಗೆ ಚೀನಾದ ಮಂಚೂರಿಯಾ ಜೊತೆ ಹೆಸರಿನ ನಂಟು ಮಾತ್ರ. 1975ರ ಸುಮಾರಿಗೆ ಮುಂಬೈಯಲ್ಲಿ ನೆಲ್ಸನ್ ವಾಂಗ್ ಎಂಬ ಬಾಣಸಿಗ ಕೋಳಿ ಹಾಕಿ ಮಾಡಿದ ತಿನಿಸು ಅದು. ಕರ್ನಾಟಕಕ್ಕೆ ಬಂದು ಹೂಕೋಸಿನ ರೂಪ ತಾಳಿ ಜಾತ್ರೆ, ಬಸ್‌ಸ್ಟ್ಯಾಂಡ್, ಬಫೆ ಎಲ್ಲವನ್ನೂ ಗೆದ್ದಿತು. ಆರೋಗ್ಯ ಇಲಾಖೆ ಪರೀಕ್ಷಿಸಿದ 171 ಗೋಬಿ ಮಂಚೂರಿ ಮಾದರಿಗಳಲ್ಲಿ 107ರಲ್ಲಿ ಅಸುರಕ್ಷಿತ ಕೃತಕ ಬಣ್ಣ ಸಿಕ್ಕಿತು. ಬೊಂಬಾಯಿ ಮಿಠಾಯಿಯ 25ರಲ್ಲಿ 15. ಅದರಲ್ಲಿ ರೋಡಮೈನ್-ಬಿ ಕೂಡ ಇತ್ತು, ಅದು ಬಟ್ಟೆಗೆ ಹಾಕುವ ಬಣ್ಣ. ಮಾರ್ಚ್ 11ರಂದು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಈ ತಿನಿಸುಗಳಲ್ಲಿ ಅಂಥ ಬಣ್ಣ ಬಳಸುವುದನ್ನು ನಿಷೇಧಿಸಿದ್ದಾಗಿ ಹೇಳಿದರು. ಜೂನ್ ತಿಂಗಳಲ್ಲಿ ಕಬಾಬಿನ ಸರದಿ: 39 ಮಾದರಿಗಳಲ್ಲಿ 8ರಲ್ಲಿ ಬಣ್ಣ ಸಿಕ್ಕಿ, ಕಬಾಬಿಗೂ ಕೃತಕ ಬಣ್ಣ ನಿಷೇಧವಾಯಿತು. ಅಕ್ಟೋಬರ್ ಹೊತ್ತಿಗೆ ಕೇಕು. 235 ಮಾದರಿಗಳಲ್ಲಿ 223 ಸುರಕ್ಷಿತ, 12ರಲ್ಲಿ ತೊಂದರೆ. ಎಚ್ಚರಿಕೆಯಲ್ಲಿ ರೆಡ್ ವೆಲ್ವೆಟ್, ಬ್ಲ್ಯಾಕ್ ಫಾರೆಸ್ಟ್ ಕೇಕುಗಳ ಹೆಸರು ಬಂತು.

ಈ ಅಂಕಿಗಳನ್ನು ನೋಡಿ ಗಾಬರಿಬೀಳಬೇಕಾಗಿಲ್ಲ. ಕೇಕುಗಳಲ್ಲಿ ಹೆಚ್ಚಿನವು ಸರಿಯಾಗಿಯೇ ಇದ್ದವು. ತಿಳಿಯಬೇಕಾದ್ದು ಇಷ್ಟು: ಕಣ್ಣಿಗೆ ಹೊಡೆಯುವ ಕೆಂಪು ಬಣ್ಣವನ್ನು ನಾವು ಕೇಳುತ್ತೇವೆ, ಅದಕ್ಕೇ ಅವರು ಹಾಕುತ್ತಾರೆ. "ಬಣ್ಣ ಬೇಡ" ಎಂದು ಬುಕಿಂಗ್ ಮಾಡುವಾಗಲೇ ಹೇಳಿದರೆ ಬಣ್ಣದ ಖರ್ಚು ಅವರಿಗೂ ಉಳಿಯುತ್ತದೆ. ಕ್ಯಾಟರಿಂಗ್ ಮಾಡುವವರಿಗೆ ಆಹಾರ ಸುರಕ್ಷತಾ ಕಾಯ್ದೆಯಡಿ ನೋಂದಣಿ ಅಥವಾ ಲೈಸೆನ್ಸ್ ಇರಬೇಕು. ಅದನ್ನು ಕೇಳುವುದು ಅಪನಂಬಿಕೆಯಲ್ಲ.

ಹಾಗಾದರೆ ಮೇಜಿನ ಮೇಲೆ ಏನಿಡುವುದು

ಮಲೆನಾಡಿನ ಅಡುಗೆಯಲ್ಲಿ ಮಕ್ಕಳಿಗೆ ಆಗುವ ತಿಂಡಿಗಳಿಗೆ ಬರವಿಲ್ಲ. ಹೆಚ್ಚಿನವು ಆವಿಯಲ್ಲಿ ಬೆಂದವು, ಮೆತ್ತಗಿನವು, ಖಾರವಿಲ್ಲದವು. ಒತ್ತು ಶ್ಯಾವಿಗೆ ಮತ್ತು ಬೆಲ್ಲ ಹಾಕಿದ ಕಾಯಿಹಾಲು ಇದಕ್ಕೆ ಮೊದಲ ಉದಾಹರಣೆ. ಚಿಕ್ಕ ಬಟ್ಟಲಲ್ಲಿ ಕೊಟ್ಟರೆ ಎರಡು ವರ್ಷದ ಮಗುವೂ ಚಮಚದಲ್ಲಿ ತಿನ್ನುತ್ತದೆ. ಕಡುಬನ್ನು ನಿಂಬೆಹಣ್ಣಿನ ಗಾತ್ರಕ್ಕೆ ಕಟ್ಟಿದರೆ ಮಕ್ಕಳ ಕೈಗೆ ಸರಿ. ಮುರಿದು ತುಪ್ಪ ಸವರಿದರೂ ಆಯಿತು, ಮಾಂಸ ತಿನ್ನುವ ಮನೆಯಾದರೆ ಖಾರ ಕಡಿಮೆ ಮಾಡಿದ ಕೋಳಿ ಸಾರಿನಲ್ಲಿ ಅದ್ದಿದರೂ ಆಯಿತು. ಮಕ್ಕಳ ಸಾರಿಗೆ ಮೂಳೆ ತೆಗೆದ ತುಂಡು ಮಾತ್ರ. ನೀರುದೋಸೆಯೊಳಗೆ ಕಾಯಿಬೆಲ್ಲ ಸುತ್ತಿಕೊಟ್ಟರೆ ಅದು ಪೇಟೆಯ ರೋಲಿಗಿಂತ ಕಡಿಮೆ ಇಲ್ಲ. ಬಾಳೆಹಣ್ಣಿನ ಮುಳ್ಕ, ಹಲಸಿನ ಕಾಲದಲ್ಲಾದರೆ ಹಲಸಿನ ಹಣ್ಣಿನ ಕಡುಬು. ಕೊನೆಗೆ ಮೊಸರನ್ನ ಇದ್ದೇ ಇರಬೇಕು. ಬೇರೆ ಯಾವುದನ್ನೂ ಮುಟ್ಟದ ಮಗುವೂ ಅದನ್ನು ತಿನ್ನುತ್ತದೆ.

ಕೆಂಪು ಬಣ್ಣ ಬೇಕೇ ಬೇಕು ಅಂದರೆ ಪುನರ್ಪುಳಿ ಇದೆ. ಒಣಗಿಸಿಟ್ಟ ಸಿಪ್ಪೆ ನೆನೆಸಿ ಸಕ್ಕರೆ ಹಾಕಿದ ಶರಬತ್ತಿನ ಕೆಂಪನ್ನು ಯಾವ ಬಾಟಲಿ ಬಣ್ಣವೂ ಕೊಡಲಾರದು. ನೀರು ಮಾತ್ರ ಕುದಿಸಿ ಆರಿಸಿದ್ದಾಗಿರಲಿ.

ಐಟಂ ಎಣಿಕೆ ಕಡಿಮೆ ಇರಲಿ. ಹದಿನೈದು ಐಟಂ ಎಂದರೆ ಹದಿನೈದು ಪಾತ್ರೆ ತಣ್ಣಗಾಗುತ್ತ ಕೂರುತ್ತವೆ. ಬೇಯಿಸಿದ ಅಡುಗೆ ಎರಡು ಗಂಟೆಗಿಂತ ಹೆಚ್ಚು ಹೊತ್ತು ತಣ್ಣಗೆ ಹೊರಗೆ ಇರಬಾರದು. ಬಿಸಿ ಇಡುವುದಾದರೆ ಹಬೆಯಾಡುವಷ್ಟು ಬಿಸಿ ಇರಬೇಕು. ಕ್ರೀಮ್ ಕೇಕು, ಪನೀರು, ಮೊಸರಿನ ಐಟಂಗಳಿಗೆ ಇದು ಇನ್ನೂ ಮುಖ್ಯ. ಮಳೆಗಾಲದಲ್ಲಿ ನಮ್ಮ ಕಡೆ ಮರ ಬಿದ್ದು ಕರೆಂಟು ಹೋಗುವುದು ಹೊಸತಲ್ಲ. ಪೇಟೆಯಿಂದ ತಂದ ಕ್ರೀಮ್ ಕೇಕನ್ನು ಕರೆಂಟಿಲ್ಲದ ಫ್ರಿಜ್‌ನಲ್ಲಿ ರಾತ್ರಿಯಿಡೀ ಇಡುವುದಕ್ಕಿಂತ, ಕ್ರೀಮ್ ಇಲ್ಲದ ಸಾದಾ ಕೇಕು ವಾಸಿ.

ವಯಸ್ಸು ನೋಡಿ ಕೆಲವನ್ನು ದೂರ ಇಡಬೇಕು. ಇಡೀ ದ್ರಾಕ್ಷಿ, ಕಡಲೆಬೀಜ, ಪಾಪ್‌ಕಾರ್ನ್, ಗುಂಡಗಿನ ಗಟ್ಟಿ ಮಿಠಾಯಿ ಇವು ಐದು ವರ್ಷದೊಳಗಿನ ಮಕ್ಕಳ ಗಂಟಲಿಗೆ ಸಿಕ್ಕುವ ವಸ್ತುಗಳು. ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕು ಹೋಳು ಮಾಡಿ ಕೊಡಬಹುದು, ಉಳಿದವನ್ನು ಬಿಡುವುದೇ ಸರಿ. ಒಂದು ವರ್ಷ ತುಂಬದ ಕೂಸಿಗೆ ಜೇನುತುಪ್ಪ ಬೇಡ. ಎರಡು ವರ್ಷದೊಳಗಿನ ಮಕ್ಕಳಿಗೆ ಸಕ್ಕರೆ ಬೆರೆಸಿದ ತಿನಿಸು ಬೇಡ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹಾಗಾಗಿ ಮೊದಲ ಹುಟ್ಟುಹಬ್ಬದ ಕೇಕು ನಿಜಕ್ಕೂ ದೊಡ್ಡವರಿಗೆ. ಮಗುವಿಗೆ ಬಾಳೆಹಣ್ಣು ಹಿಸುಕಿದ ಶ್ಯಾವಿಗೆ ಸಾಕು, ಸಂತೋಷವಾಗಿಯೇ ತಿನ್ನುತ್ತದೆ.

ಬಂದ ಮಕ್ಕಳ ಮನೆಗಳನ್ನೂ ನೆನಪಿಡಬೇಕು. ಜೈನರ ಮನೆಯ ಮಗುವಿಗೆ ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಆಗದಿರಬಹುದು, ಕತ್ತಲಾದ ಮೇಲೆ ಉಣ್ಣದಿರಬಹುದು. ಕಾರ್ಯಕ್ರಮವನ್ನು ಸಂಜೆ ನಾಲ್ಕಕ್ಕೆ ಇಟ್ಟರೆ ಅವರಿಗೂ ಆಯಿತು, ನಿದ್ದೆಗೆ ಬೀಳುವ ಎಲ್ಲ ಮಕ್ಕಳಿಗೂ ಆಯಿತು. ಮುಸ್ಲಿಂ ಮಕ್ಕಳಿದ್ದರೆ ಕೋಳಿ ಹಲಾಲ್ ಆಗಿರಲಿ. ಮಾಂಸದ ಪಾತ್ರೆ ಬೇರೆ ಮೇಜಿನಲ್ಲಿ, ಬೇರೆ ಸೌಟಿನೊಂದಿಗೆ ಇರಲಿ, ಮೊಟ್ಟೆ ಹಾಕಿದ್ದು ಯಾವುದು, ಹಾಕದ್ದು ಯಾವುದು ಎಂದು ಕನ್ನಡದಲ್ಲಿ ಚೀಟಿ ಬರೆದಿಡಿ. ಇದು ಹಳೆಯ ಮಡಿಯಲ್ಲ. ಹಳೆಯ ಮಡಿ ಜನರನ್ನು ಬೇರೆ ಕೂರಿಸುತ್ತಿತ್ತು. ಈ ಚೀಟಿ ಬೇರೆ ಬೇರೆ ಮನೆಯವರನ್ನು ಒಂದೇ ಕಡೆ ಕೂರಿಸಲು.

ಶಾಲೆಯ ಜಗಲಿಯ ಸಾಲು

ಬಡಿಸುವ ಕೈಯನ್ನು ಮತ್ತೆ ತರಬೇಕು ಅಂದರೆ ಹಳೆಯ ಪಂಕ್ತಿಗೆ ಹಿಂತಿರುಗಬೇಕೇ? ಬೇಡ. ಹೊಸ ಪಂಕ್ತಿಯೊಂದು ನಮ್ಮ ಕಣ್ಣೆದುರೇ ಇದೆ, ಅದು ಸರ್ಕಾರಿ ಶಾಲೆಯ ಜಗಲಿಯಲ್ಲಿ.

ಶಾಲೆಯಲ್ಲಿ ಬೇಯಿಸಿದ ಬಿಸಿಯೂಟ ಕೊಡಬೇಕೆಂದು ಸುಪ್ರೀಂ ಕೋರ್ಟ್ ಆದೇಶಿಸಿದ್ದು 2001ರ ನವೆಂಬರ್ 28ರಂದು. ಕರ್ನಾಟಕದಲ್ಲಿ ಅಕ್ಷರ ದಾಸೋಹ 2002ರಲ್ಲಿ ಈಶಾನ್ಯದ ಏಳು ಜಿಲ್ಲೆಗಳಲ್ಲಿ ಶುರುವಾಗಿ, 2003ರಲ್ಲಿ ಉಳಿದ ಜಿಲ್ಲೆಗಳಿಗೂ ಬಂತು. 2013ರ ಆಗಸ್ಟ್‌ನಿಂದ ಕ್ಷೀರಭಾಗ್ಯದ ಹಾಲು ಸೇರಿತು. ಆಮೇಲೆ ಮೊಟ್ಟೆ, ಬಾಳೆಹಣ್ಣು, ಚಿಕ್ಕಿ. ಯಾರು ಮೊಟ್ಟೆ ತಿನ್ನುತ್ತಾರೆ, ಯಾರಿಗೆ ಬಾಳೆಹಣ್ಣು ಎಂದು ಮಕ್ಕಳಿಗೆ ಗೊತ್ತು, ಅದಕ್ಕಾಗಿ ಯಾರೂ ಎದ್ದು ಬೇರೆ ಕೂರುವುದಿಲ್ಲ. ಎಲ್ಲರೂ ತಟ್ಟೆ ಹಿಡಿದು ಸಾಲಾಗಿ ಕೂತಿರುತ್ತಾರೆ, ಬಿಸಿಯೂಟದ ಅಕ್ಕ ಬಗ್ಗಿ ಬಡಿಸುತ್ತಾರೆ. ಅಡುಗೆಯವರ ಜಾತಿಯ ಹೆಸರಿನಲ್ಲಿ ಜಗಳವಾದ ಸುದ್ದಿಗಳು ರಾಜ್ಯದ ಅಲ್ಲಲ್ಲಿಂದ ಬಂದಿವೆ, ಅದನ್ನು ಮರೆಯಬಾರದು. ಆದರೂ ಪ್ರತಿದಿನ ಮಧ್ಯಾಹ್ನ ಎಲ್ಲ ಮನೆಯ ಮಕ್ಕಳು ಒಂದೇ ಸಾಲಿನಲ್ಲಿ ಕೂತು ಉಣ್ಣುವುದು ಈ ನಾಡಿನಲ್ಲಿ ಇಷ್ಟು ದೊಡ್ಡದಾಗಿ ಮೊದಲು ನಡೆದಿರಲಿಲ್ಲ.

ಶೃಂಗೇರಿಯಲ್ಲಿ ಶಾರದೆಯ ಮುಂದೆ ಮಗುವಿಗೆ ಅಕ್ಷರಾಭ್ಯಾಸ ಮಾಡಿಸುವವರು ತಟ್ಟೆಯಲ್ಲಿ ಅಕ್ಕಿ ಹರಡಿ ಅದರ ಮೇಲೆ ಬರೆಸುತ್ತಾರೆ. ಮೊದಲ ಅಕ್ಷರವೂ ಅಕ್ಕಿಯ ಮೇಲೆ. ನಮ್ಮ ಕಡೆ ಮಗುವಿನ ಕಲಿಕೆ ಮತ್ತು ಅನ್ನದ ನಂಟು ಅಷ್ಟು ಹತ್ತಿರದ್ದು. ಯಾರ ಪಕ್ಕ ಕೂತು ಉಂಡೆ ಎಂಬುದನ್ನೂ ಮಗು ಅದೇ ವಯಸ್ಸಿನಲ್ಲಿ ಕಲಿಯುತ್ತದೆ.

ಆದ್ದರಿಂದ ಹುಟ್ಟುಹಬ್ಬದ ಬಫೆಗೆ ಒಂದು ಸಣ್ಣ ತಿದ್ದುಪಡಿ ಸಾಕು. ದೊಡ್ಡವರ ಮೇಜು ಹಾಗೇ ಇರಲಿ, ಎಲ್ಲರಿಗೂ ಒಂದೇ ಇರಲಿ. ಕೇಕು ಕತ್ತರಿಸಿದ ಮೇಲೆ, ಮೇಜು ತೆರೆಯುವ ಮೊದಲು, ಹಾಲ್‌ನ ಒಂದು ಬದಿಗೆ ಚಾಪೆ ಹಾಸಿ ಮಕ್ಕಳನ್ನು ಸಾಲಾಗಿ ಕೂರಿಸಿ. ಕರೆಸಿಕೊಂಡವರ ಮಕ್ಕಳು, ಅಡುಗೆಗೆ ಬಂದವರ ಮಕ್ಕಳು, ಶಾಮಿಯಾನ ಹಾಕಲು ಬಂದವರ ಮಕ್ಕಳು ಎಲ್ಲರೂ ಅದೇ ಚಾಪೆಯಲ್ಲಿ. ಬಡಿಸುವುದು ಮನೆಯ ಅಪ್ಪಂದಿರು, ಮಾವಂದಿರು. ಇಪ್ಪತ್ತು ನಿಮಿಷದ ಕೆಲಸ. ಶ್ಯಾವಿಗೆ, ಕಾಯಿಹಾಲು, ಒಂದು ಕಡುಬು, ಮೊಸರನ್ನ. ಕ್ಯಾಟರಿಂಗ್‌ನವರು "ಐಟಂ ಎ‍ಷ್ಟು" ಎಂದು ಕೇಳಿದಾಗ ಈ ನಾಲ್ಕನ್ನು ಮೊದಲು ಬರೆಸಿ, ದೊಡ್ಡವರ ಪಟ್ಟಿ ಆಮೇಲೆ.